ಸಿನಿಮಾದವ್ರು ನಾಟ್ಯಗೀತ ಹಾಡಬಾರ್ದೇನ್ರಿ?

ನಮ್ಮ ಆರಗದಲ್ಲಿ ಜಗಳಕ್ಕೇನೂ ಬರವಿಲ್ಲ. ದ್ರಾಕ್ಷಿ ದರದ ಮೇಲೆ ಆಗುತ್ತದೆ, ಎಲೆತೋಟಕ್ಕೆ ನೀರು ಬಿಡುವ ಪಾಳಿಯ ಮೇಲೆ ಆಗುತ್ತದೆ, ಪಂಚಾಯತಿ ಚುನಾವಣೆ ಬಂತೆಂದರಂತೂ ಕೇಳುವುದೇ ಬೇಡ. ಆದರೆ ಹಾಡಿನ ಮೇಲೆ ಜಗಳವಾಗಿ ಇಬ್ಬರು ಹಿರಿಯರು ನಾಲ್ಕು ದಿನ ಮಾತು ಬಿಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ. ಅದು 2016ರ ಮಾತು. ಹಿಂದಿನ ವರ್ಷ ದೀಪಾವಳಿಗೆ ಬಿಡುಗಡೆಯಾಗಿದ್ದ ‘ಕಟ್ಯಾರ ಕಾಳಜಾತ ಘುಸಲೀ’ ಎಂಬ ಮರಾಠಿ ಸಿನಿಮಾ ಟಿವಿಯಲ್ಲಿ ಬಂದಿತ್ತು. ಊರಿನ ಅರ್ಧ ಮನೆಗಳಲ್ಲಿ ಅದೇ. ಮರುದಿನ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಶುರುವಾದ ವಾದ ಹದಿನೈದು ದಿನ ಮುಗಿಯಲಿಲ್ಲ.

ಗಡಿಯ ಆಚೆ ಇರುವ ನಮ್ಮ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಟ್ಯಾರ ಅಂದರೆ ಕಠಾರಿ. ಕಠಾರಿ ಎದೆಯೊಳಗೆ ನಾಟಿತು ಎಂದು ಆ ಹೆಸರಿನ ಅರ್ಥ. ಮೂಲದಲ್ಲಿ ಇದು ಪುರುಷೋತ್ತಮ ದಾರ್ವ್ಹೇಕರ ಬರೆದ ಸಂಗೀತ ನಾಟಕ. 1967ರಲ್ಲಿ ರಂಗಕ್ಕೆ ಬಂತು. ಸಂಗೀತ ಜಿತೇಂದ್ರ ಅಭಿಷೇಕಿಯವರದು. ಒಂದು ಸಂಸ್ಥಾನದಲ್ಲಿ ಇಬ್ಬರು ಗಾಯಕರು, ಎರಡು ಘರಾಣೆ, ಗೆದ್ದವನಿಗೆ ರಾಜಗಾಯಕನ ಪದವಿ. ಸೋತು ಸೋತು ಬೆಂದುಹೋದ ಖಾನ್‌ಸಾಹೇಬನ ಪಾತ್ರವನ್ನು ನಾಟಕದಲ್ಲಿ ವಸಂತರಾವ ದೇಶಪಾಂಡೆ ಮಾಡುತ್ತಿದ್ದರು. ಅವರು ಬಹಳ ವರ್ಷ ಸೈನ್ಯದ ಲೆಕ್ಕಪತ್ರ ಕಚೇರಿಯಲ್ಲಿ ನೌಕರಿ ಮಾಡಿಕೊಂಡು ಹಾಡಿದವರು. (ಪಗಾರದ ಜತೆಗೆ ಕಲೆ ಸಾಕುವ ಕಷ್ಟ ನಮಗೂ ಸ್ವಲ್ಪ ಗೊತ್ತಲ್ಲ!) ಸಿನಿಮಾವನ್ನು ನಟ ಸುಬೋಧ ಭಾವೆ ನಿರ್ದೇಶಿಸಿದರು. ಖಾನ್‌ಸಾಹೇಬನಾಗಿ ಸಚಿನ್ ಪಿಳಗಾಂವಕರ ನಟಿಸಿದರೆ, ಅವರಿಗೆ ಧ್ವನಿ ಕೊಟ್ಟದ್ದು ವಸಂತರಾವ್ ಅವರ ಮೊಮ್ಮಗ ರಾಹುಲ ದೇಶಪಾಂಡೆ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

ತಕರಾರು ಇದ್ದದ್ದು ಇನ್ನೊಬ್ಬ ಗಾಯಕ ಪಂಡಿತ ಭಾನುಶಂಕರನ ಪಾತ್ರದ ಬಗ್ಗೆ. ಅದನ್ನು ಮಾಡಿದವರು, ಹಾಡಿದವರು ಶಂಕರ ಮಹಾದೇವನ್. ಹೌದು, 1998ರಲ್ಲಿ ‘ಬ್ರೆಥ್‌ಲೆಸ್’ ಎಂಬ ಪಾಪ್ ಆಲ್ಬಮ್ ತಂದು, ಜಾವೇದ್ ಅಖ್ತರ್ ಬರೆದ ಹಾಡನ್ನು ನಡುವೆ ಉಸಿರೇ ತೆಗೆದುಕೊಳ್ಳದಂತೆ ಹಾಡಿ ದೇಶವನ್ನೆಲ್ಲ ಹುಚ್ಚು ಹಿಡಿಸಿದ ಅದೇ ಶಂಕರ ಮಹಾದೇವನ್. ಶಿಕ್ಷಕ ಬಳಗದವರಿಗೆ ‘ತಾರೇ ಜಮೀನ್ ಪರ್’ ಸಿನಿಮಾದಲ್ಲಿ ತಾಯಿಯ ಮೇಲಿನ ಹಾಡು ಹಾಡಿದವರು ಎಂದರೆ ಬೇಗ ನೆನಪಾಗಬಹುದು. ಅವರು ಅಭಿನಯಿಸಿದ ಮೊದಲ ಸಿನಿಮಾ ಇದು.

ವಾದದಲ್ಲಿ ಮೂರು ಪಕ್ಷ. ಒಂದನೆಯದು ಎಸ್‌ಟಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ಒಬ್ಬ ಕಾಕಾ. ಮನೆಮಾತು ಮರಾಠಿ, ನಮ್ಮೊಂದಿಗೆ ಕನ್ನಡದಲ್ಲೇ ಮಾತು. ಸಾಂಗ್ಲಿ ಮಿರಜಿನಲ್ಲಿ ಸಂಗೀತ ನಾಟಕ ಬಂದರೆ ಡ್ಯೂಟಿ ಬದಲಿಸಿಕೊಂಡು ಹೋಗುತ್ತಿದ್ದ ಮನುಷ್ಯ. ಎರಡನೆಯದು ಮೊಬೈಲ್ ಅಂಗಡಿಯ ಹುಡುಗ, ಶಂಕರ ಮಹಾದೇವನ್ ಅಂದರೆ ಪ್ರಾಣ. ಮೂರನೆಯದು ನಮ್ಮ ಪೇಟಿ ಅಜ್ಜ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ ಈ ಅಜ್ಜ ಹರೆಯದಲ್ಲಿ ಕನ್ನಡದ ಒಂದೆರಡು, ಮರಾಠಿಯ ಒಂದು ಕಂಪನಿಗೆ ಪೇಟಿ ಬಾರಿಸಿದವರು. ಆಗ ಅವರಿಗೆ ಎಂಬತ್ತರ ಹತ್ತಿರ.

“ಅಲ್ರೀ ಮಾಸ್ತರ್, ಡಿಸ್ಕೋದಾಗ ಕುಣಿಯೋ ಹಾಡು ಹಾಡಿದವಾ ಬಂದು ಪಂಡಿತನ ಪಾರ್ಟ ಮಾಡಬೇಕಂದ್ರ, ಇಡೀ ಮಹಾರಾಷ್ಟ್ರದಾಗ ಮತ್ಯಾರೂ ಸಿಗಲಿಲ್ಲೇನು?” ಎಂದು ಕಾಕಾ.

“ಕಾಕಾ, ನೀವು ಅವರ ಬ್ರೆಥ್‌ಲೆಸ್ ಕೇಳೀರೇನು? ಉಸರ ತಗೊಂಡಿಲ್ಲ ಉಸರ!” ಎಂದು ಹುಡುಗ.

“ಉಸರ ತಗೊಳ್ಳದ ಹಾಡೂದು ಸರ್ಕಸ್ಸಿನ ಕೆಲಸೋ ತಮ್ಮಾ” ಎಂದರು ಅಜ್ಜ. “ನಾಟಕದಾಗ ಉಸರ ಎಲ್ಲಿ ತಗೋಬೇಕು ಅನ್ನೂದು ಕಲೀಲಿಕ್ಕೇ ಹತ್ತು ವರ್ಷ ಬೇಕು. ಆದ್ರ ಆ ಮನಷ್ಯಾ ಕಲತಾನ. ನಾ ಕಣ್ಣ ಮುಚ್ಚಿ ಕೇಳೀನಿ.”

ಇಲ್ಲಿಂದ ಜಗಳ. ಅಜ್ಜ ತಮ್ಮ ಪಕ್ಷಕ್ಕೆ ಬರುತ್ತಾರೆ ಎಂದು ಕಾಕಾ ಖಾತ್ರಿಯಾಗಿ ನಂಬಿದ್ದರು. ಬರಲಿಲ್ಲ!

ನಾಟ್ಯಗೀತ ಎಂದರೆ ಏನು ಎಂದು ತಿಳಿಯದೆ ಈ ವಾದ ಅರ್ಥವಾಗುವುದಿಲ್ಲ. ಪಾಶ್ಚಾತ್ಯರ ಒಪೇರಾದ ಹಾಗೆ ಇಲ್ಲೂ ಕತೆ ಹಾಡಿನಲ್ಲಿ ನಡೆಯುತ್ತದೆ, ಆದರೆ ಪೂರ್ತಿ ಅಲ್ಲ. ಮಾತು ಬರುತ್ತ ಬರುತ್ತ ಪದಕ್ಕೆ ಏರುತ್ತದೆ. ಪದ ಚಿಕ್ಕದು, ನಾಲ್ಕಾರು ಸಾಲು. ಮೊದಲ ಸಾಲನ್ನು ಹಿಡಿದು ನಟ ಆಲಾಪ ಮಾಡುತ್ತಾನೆ, ತಾನು ಹೊಡೆಯುತ್ತಾನೆ, ಮತ್ತೆ ಅದೇ ಸಾಲಿಗೆ ಬಂದು ಇಳಿಯುತ್ತಾನೆ. ಜನ “ವನ್ಸ್ ಮೋರ್” ಎಂದು ಕೂಗಿದರೆ ಇನ್ನೊಮ್ಮೆ. ರಾತ್ರಿ ಊಟ ಮುಗಿಸಿ ಹೋದವರು ಬೆಳಗಿನ ಜಾವಕ್ಕೆ ಮನೆಗೆ ಬರುತ್ತಿದ್ದರಂತೆ. ಹಿಂದೆ ಮೈಕು ಇರಲಿಲ್ಲ. ಕಾಲುಪೆಟ್ಟಿಗೆ ಮತ್ತು ತಬಲಾದ ಸದ್ದನ್ನು ದಾಟಿ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಶಬ್ದ ಶಬ್ದ ಮುಟ್ಟಬೇಕು. ಅದಕ್ಕೇ ಅವರು ಎತ್ತರದ ಪಟ್ಟಿಯಲ್ಲಿ ಹಾಡುತ್ತಿದ್ದದ್ದು. ಅಜ್ಜನ ಲೆಕ್ಕದಲ್ಲಿ ರಾಗ ಎರಡನೆಯದು, ಮಾತು ಮೊದಲನೆಯದು. ಶಕುಂತಲೆಯ ದುಃಖ ತಿಳಿಯದೆ ಬರೇ ತಾನು ಕೇಳಿಸಿದರೆ “ಅದು ಸಂಗೀತ ಆಯ್ತು, ನಾಟಕ ಎಲ್ಲಿ ಆಯ್ತು?”

ಶಂಕರ ಮಹಾದೇವನ್ ಹಾಡಿದ್ದರಲ್ಲಿ ಅಜ್ಜನಿಗೆ ಹಿಡಿಸಿದ್ದು ಇದೇ. ಪಂಡಿತನ ಸ್ವಭಾವ ಶಾಂತ. ಅವನ ಹಾಡಿನಲ್ಲಿ ಧಾವಂತ ಇರಬಾರದು. ವೇಗಕ್ಕೇ ಹೆಸರಾದ ಗಾಯಕ ಇಲ್ಲಿ ತನ್ನ ವೇಗವನ್ನು ಅಂಗಿ ಕಳಚಿಟ್ಟ ಹಾಗೆ ಕಳಚಿಟ್ಟು ಕೂತಿದ್ದಾನೆ ಎಂದರು. ಹಿಡಿಸದ್ದನ್ನೂ ಹೇಳಿದರು. ಸಿನಿಮಾದ ಹಾಡಿನಲ್ಲಿ ಹಿನ್ನೆಲೆ ವಾದ್ಯ ಹೆಚ್ಚು, ಧ್ವನಿಗೆ ನುಣುಪು ಹೆಚ್ಚು, ಸ್ಟುಡಿಯೋದಲ್ಲಿ ತುಂಡು ತುಂಡು ಹಾಡಿ ಜೋಡಿಸಬಹುದು. ಗಂಟಲು ಸ್ವಲ್ಪ ಒಡೆದು, ನಟ ಅದನ್ನೂ ಪಾತ್ರದೊಳಗೆ ಸೇರಿಸಿಕೊಳ್ಳುವ ಗಮ್ಮತ್ತು ಅಲ್ಲಿ ಇಲ್ಲ. “ಸಾಣಿ ಹಿಡದ ಕಠಾರಿ ಛಲೋ ಐತಿ, ಆದ್ರ ಕೈ ಕೊಯ್ಯೂದಿಲ್ಲ” ಅಂದರು ನಗುತ್ತ. ಅಭಿಮಾನಿ ಹುಡುಗನಿಗೆ ಈ ಮಾತು ಸೇರಲಿಲ್ಲ, ಕಾಕಾನಿಗೆ ಹಿಂದಿನ ಮಾತು ಸೇರಲಿಲ್ಲ. ನನಗೆ ಮಾತ್ರ ಎರಡೂ ಸರಿ ಅನ್ನಿಸಿತು. ಅಭಿಮಾನಿಗಳ ಕಷ್ಟ ಇಷ್ಟೇ ನೋಡಿ, ಅರ್ಧ ಹೊಗಳಿದರೆ ಬೈದಂತೆ ಕೇಳುತ್ತದೆ.

ಜಗಳ ಮಾತು ಬಿಡುವ ಮಟ್ಟಕ್ಕೆ ಹೋದದ್ದು ಮೂರನೆಯ ದಿನ. ಕಾಕಾ ಸಿಟ್ಟಿನಲ್ಲಿ ಅಂದುಬಿಟ್ಟರು: “ಅವ ಮದ್ರಾಸಿ. ನಾಟ್ಯಸಂಗೀತ ಮರಾಠಿ ರಕ್ತದಾಗ ಬರಬೇಕು. ಹೊರಗಿನವರಿಗೆ ಹ್ಯಾಂಗ ಬರ್ತೈತಿ?”

ಅಜ್ಜ ಎದ್ದು ಕೋಲು ತೆಗೆದುಕೊಂಡು ನಡೆದರು. ಚಹಾ ಪೂರ್ತಿ ಕುಡಿದಿರಲಿಲ್ಲ.

ನಾನು ಶಾಲೆಗೆ ಹೋದೆನಾದರೂ ಆ ‘ಹೊರಗಿನವರು’ ಎಂಬ ಮಾತು ತಲೆಯಿಂದ ಹೋಗಲಿಲ್ಲ. ಕನ್ನಡ ಶಾಲೆಯ ಮಾಸ್ತರನಿಗೆ ಈ ಶಬ್ದ ಹೊಸದಲ್ಲ. ಟ್ರೇನಿಂಗಿಗೆ ಹೋದಲ್ಲಿ, ಕಚೇರಿಗೆ ಕಾಗದ ಒಯ್ದಲ್ಲಿ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಗಡಿ ದಾಟಿ ಅಥಣಿ ಕಡೆ ಹೋದರೆ ಅಲ್ಲಿಯವರೂ “ನೀವು ಮಹಾರಾಷ್ಟ್ರದವರು” ಎನ್ನುತ್ತಾರೆ! ಇರಲಿ. ಶಂಕರ ಮಹಾದೇವನ್ ತಮಿಳು ಮನೆತನದವರು ಎಂಬುದು ನಿಜ. ಆದರೆ ಅವರು ಹುಟ್ಟಿ ಬೆಳೆದದ್ದು ಮುಂಬಯಿಯ ಚೆಂಬೂರಿನಲ್ಲಿ. ಚಿಕ್ಕಂದಿನಲ್ಲಿ ವೀಣೆ ಹಿಡಿದವರು, ಟಿ. ಆರ್. ಬಾಲಾಮಣಿಯವರಲ್ಲಿ ಕರ್ನಾಟಕ ಸಂಗೀತ ಕಲಿತವರು, ಮರಾಠಿಯ ದೊಡ್ಡ ಸಂಗೀತ ನಿರ್ದೇಶಕ ಶ್ರೀನಿವಾಸ ಖಳೆಯವರ ಶಿಷ್ಯರು. ಪಾಪ್ ಹಾಡಿದ್ದು ಆಮೇಲಿನ ಕತೆ. ಜನ ನೋಡಿದ್ದು ಆಮೇಲಿನದನ್ನು ಮಾತ್ರ.

ಅದನ್ನೂ ಬಿಡಿ. ಈ ‘ಹೊರಗಿನವರು’ ವಾದವನ್ನು ಬೇರೆಲ್ಲಾದರೂ ಮಾಡಬಹುದೇನೋ, ಸಾಂಗ್ಲಿ ಮಿರಜಿನ ನೆಲದ ಮೇಲೆ ನಿಂತು ಮಾಡಲು ಬರುವುದಿಲ್ಲ. ಯಾಕೆ ಅಂತೀರಾ? ಮರಾಠಿ ರಂಗಭೂಮಿ ದಿನ ಎಂದು ಪ್ರತಿವರ್ಷ ನವೆಂಬರ್ 5ರಂದು ಆಚರಿಸುತ್ತಾರಲ್ಲ, ಅದು ವಿಷ್ಣುದಾಸ ಭಾವೆ 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿದ ದಿನ. ಆಡಿಸಿದವರು ಸಾಂಗ್ಲಿಯ ಅರಸ ಚಿಂತಾಮಣರಾವ ಪಟವರ್ಧನರು. ಅವರಿಗೆ ಈ ಹುಮ್ಮಸ್ಸು ಬಂದದ್ದು ಎಲ್ಲಿಂದ? ಕರ್ನಾಟಕದಿಂದ ಬಂದ ಭಾಗವತರ ಮೇಳದ ಆಟ ನೋಡಿ, ಇಂಥದ್ದು ಮರಾಠಿಯಲ್ಲೂ ಆಗಬೇಕು ಎಂದು ಭಾವೆಯವರಿಗೆ ಹೇಳಿದರು. ಮುಂದೆ 1880ರಲ್ಲಿ ‘ಸಂಗೀತ ಶಾಕುಂತಲ’ ರಂಗಕ್ಕೆ ತಂದು, ನಟರೇ ನಿಂತು ಪದ ಹಾಡುವ ಈಗಿನ ರೂಢಿಯನ್ನು ಗಟ್ಟಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ ಊರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಇತ್ತ ಮರಾಠಿ ಕಂಪನಿಗಳ ಅಬ್ಬರ ನೋಡಿ, ಕನ್ನಡಕ್ಕೂ ಇದು ಬೇಕು ಎಂದು ಹಟ ಹಿಡಿದು ಗದಗಿನಲ್ಲಿ ಮಂಡಳಿ ಕಟ್ಟಿದವರು ಶಾಂತಕವಿಗಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಯಾರು ಯಾರಿಗೆ ಸಾಲ ಕೊಟ್ಟರು ಎಂದು ಬರೆಯಲು ಕೂತರೆ ಖಾತೆ ಪುಸ್ತಕ ಸಾಲದು.

ಮಿರಜಿನ ಕತೆ ಇನ್ನೂ ಚಂದ. ಕಿವಿಯ ಉಪಚಾರಕ್ಕೆಂದು ಮಿರಜಿಗೆ ಬಂದ ಹುಡುಗ ನಾರಾಯಣ ರಾಜಹಂಸ 1905ರಲ್ಲಿ ಅಲ್ಲೇ ಕಿರ್ಲೋಸ್ಕರ ಮಂಡಳಿ ಸೇರಿ ಶಕುಂತಲೆಯಾದ. ಅವನೇ ಬಾಲಗಂಧರ್ವ. ಇಂದಿಗೂ ಮಿರಜಿನ ನಾಟ್ಯಗೃಹಕ್ಕೆ ಅವರದೇ ಹೆಸರು. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ್‌ಸಾಹೇಬರ ಹುಟ್ಟೂರು ಉತ್ತರ ಪ್ರದೇಶದ ಕೈರಾನಾ. ಅವರು ಮೈಸೂರಿನ ಆಸ್ಥಾನಕ್ಕೆ ಹೋಗಿ, ಕರ್ನಾಟಕ ಸಂಗೀತ ಕೇಳಿ, ಸರಿಗಮ ಹಾಡುವ ರೀತಿಯನ್ನು ತಮ್ಮ ಗಾಯನಕ್ಕೆ ತಂದುಕೊಂಡವರು. 1937ರಲ್ಲಿ ತಮಿಳುನಾಡಿನ ಕಡೆ ಪ್ರವಾಸದಲ್ಲಿದ್ದಾಗ ತೀರಿಕೊಂಡರು, ಮಣ್ಣಾದದ್ದು ಮಿರಜಿನ ದರ್ಗಾದಲ್ಲಿ. ಅವರ ಶಿಷ್ಯ ಕುಂದಗೋಳದ ರಾಮಭಾವು, ಮನೆಮಾತು ಕನ್ನಡ. ಅವರು ಮರಾಠಿ ನಾಟಕ ಕಂಪನಿ ಸೇರಿ, ಸೀರೆ ಉಟ್ಟು ಸ್ತ್ರೀಪಾತ್ರ ಮಾಡಿ, ಮರಾಠಿ ಪದ ಹಾಡಿ, ಮರಾಠಿ ಜನರಿಂದಲೇ ‘ಸವಾಯಿ ಗಂಧರ್ವ’ ಅನ್ನಿಸಿಕೊಂಡರು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು ಎಂದು! ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಶಿಷ್ಯರು. ಇನ್ನು ಧಾರವಾಡದ ಪಕ್ಕದ ಮನಸೂರಿನ ಮಲ್ಲಿಕಾರ್ಜುನ ಎಂಬ ಹುಡುಗ ಕನ್ನಡ ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದ. ಅವನ ಹಾಡು ಕೇಳಿ ಮಿರಜಿನ ನೀಲಕಂಠಬುವಾ ಅಲೂರಮಠರು ಇಲ್ಲಿಗೆ ಕರೆತಂದು ಕಲಿಸಿದರು. ಶಂಕರ ಮಹಾದೇವನ್ ಹೋದದ್ದು ಪಾಪ್‌ನಿಂದ ನಾಟಕಕ್ಕೆ. ಮನಸೂರರು ಹೋದದ್ದು ನಾಟಕದಿಂದ ಖ್ಯಾಲಿಗೆ. ಆಗಲೂ “ನಾಟಕದ ಹುಡುಗನಿಗೆ ಖ್ಯಾಲು ಹ್ಯಾಂಗ ಬರ್ತೈತಿ” ಎಂದು ಯಾವನೋ ಒಬ್ಬ ಚಹಾದ ಅಂಗಡಿಯಲ್ಲಿ ಅಂದಿರಲಿಕ್ಕೂ ಸಾಕು.

ಹಾಗಂತ ಯಾರು ಏನು ಹಾಡಿದರೂ ಚಪ್ಪಾಳೆ ಹೊಡೆಯಬೇಕು ಎಂದು ನನ್ನ ಅಭಿಪ್ರಾಯವಲ್ಲ. ಇಂಗ್ಲೆಂಡಿನ ಐಟಿವಿಯಲ್ಲಿ 2010ರಲ್ಲಿ ‘ಪಾಪ್‌ಸ್ಟಾರ್ ಟು ಒಪೇರಾಸ್ಟಾರ್’ ಎಂಬ ಕಾರ್ಯಕ್ರಮವೇ ಬಂದಿತ್ತು. ಪಾಪ್ ಗಾಯಕರನ್ನು ಕರೆತಂದು, ತರಬೇತಿ ಕೊಟ್ಟು, ವಾರಕ್ಕೊಂದು ಒಪೇರಾ ಹಾಡು ಹಾಡಿಸುವುದು. ಜನ ಫೋನ್ ಮಾಡಿ ಮತ ಹಾಕುವುದು. ಮೊದಲ ವರ್ಷ ಡೇರಿಯಸ್ ಕ್ಯಾಂಪ್‌ಬೆಲ್ ಗೆದ್ದರು. ಮರುವರ್ಷ ಇನ್ನೊಬ್ಬರನ್ನು ಗೆಲ್ಲಿಸಿ ನಿಂತುಹೋಯಿತು. ಒಪೇರಾದವರು ವರ್ಷಗಟ್ಟಲೆ ಸಾಧನೆ ಮಾಡಿ, ಮೈಕಿಲ್ಲದೆ ಇಡೀ ವಾದ್ಯಮೇಳದ ಮೇಲೆ ಧ್ವನಿ ತೇಲಿಸುವುದನ್ನು ಕಲಿಯುತ್ತಾರೆ. ಅದನ್ನು ಕೆಲವು ವಾರದಲ್ಲಿ ಟಿವಿಗಾಗಿ ಕಲಿಸಿದರೆ ಬರುವುದು ಎಷ್ಟು? ನಮ್ಮ ಟಿವಿಯ ಸ್ಪರ್ಧೆಗಳಲ್ಲೂ ಇದೇ. ಒಂದು ವಾರ ಲಾವಣಿ, ಮುಂದಿನ ವಾರ ಗಜಲ್, ಅದರ ಮುಂದಿನ ವಾರ ನಾಟ್ಯಗೀತ. ಮಗುವಿನ ಬೆನ್ನು ತಟ್ಟಿ, ಕಣ್ಣೀರು ಒರೆಸಿ, ಜಾಹೀರಾತು ತೋರಿಸುತ್ತಾರೆ. ನನಗೆ ಅದರ ಮೇಲೆ ಸಿಟ್ಟಿಲ್ಲ, ನಮ್ಮ ಶಾಲೆಯ ಮಕ್ಕಳು ಹಾಡು ಕಲಿಯುವುದೇ ಅಲ್ಲಿಂದ. ಆದರೆ ಒಂದು ವಾರದ್ದು ಒಂದು ವಾರದ್ದೇ.

ಸಾಧನೆ ಇದ್ದವರಿಗೂ ಹೆದರಿಕೆ ಇರುತ್ತದೆ ಎಂಬುದಕ್ಕೆ ಮನ್ನಾ ಡೇ ಅವರ ಕತೆ ಕೇಳಬೇಕು. 1956ರ ‘ಬಸಂತ್ ಬಹಾರ್’ ಸಿನಿಮಾ. ಶಂಕರ್ ಜೈಕಿಶನ್ ಸಂಗೀತ. ಅದರಲ್ಲಿ ಒಂದು ಸ್ಪರ್ಧೆಯ ಹಾಡು. ಮನ್ನಾ ಡೇ ನಾಯಕನ ಧ್ವನಿ, ಆದ್ದರಿಂದ ಗೆಲ್ಲಬೇಕು. ಸೋಲಬೇಕಾದವರು ಯಾರು? ನಮ್ಮ ಗದಗಿನ ಭೀಮಸೇನ ಜೋಶಿ! ಮನ್ನಾ ಡೇ ಗಾಬರಿಯಾಗಿ, ಹಾಡು ಬೇರೆಯವರು ಹಾಡುವವರೆಗೆ ಊರು ಬಿಟ್ಟು ಹೋಗೋಣ ಎಂದು ಹೆಂಡತಿಗೆ ಹೇಳಿದರಂತೆ. ಆಕೆ ಬಿಡಲಿಲ್ಲ. ಕೊನೆಗೆ ಸ್ವತಃ ಭೀಮಸೇನರೇ ಧೈರ್ಯ ತುಂಬಿ ಹಾಡಿಸಿದರು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರದೂ ಹೀಗೆಯೇ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಆದರೆ 1995ರ ನಮ್ಮ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಸಿನಿಮಾದಲ್ಲಿ ಹಂಸಲೇಖ ಅವರ ಸಂಗೀತಕ್ಕೆ ಹಿಂದುಸ್ತಾನಿ ಧಾಟಿಯಲ್ಲಿ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಸಂಗೀತಕ್ಕಾಗಿ ಹಂಸಲೇಖ ಅವರಿಗೂ ಅದೇ ವರ್ಷ ಬಂತು. ಗದಗಿನ ಗವಾಯಿಗಳ ಧ್ವನಿಯಾದದ್ದು ನೆಲ್ಲೂರು ಕಡೆಯ ತೆಲುಗು ಮನುಷ್ಯ. ಆಗ ನಮ್ಮಲ್ಲಿ ಯಾರೂ ಹೊರಗಿನವರು ಎನ್ನಲಿಲ್ಲ. ಅಥವಾ ಅಂದವರ ಮಾತು ಹಾಡು ಕೇಳಿದ ಮೇಲೆ ನಿಂತಿತು.

ನಾನು ಇಷ್ಟೆಲ್ಲ ಬರೆಯಲು ಕಾರಣ ಸಿನಿಮಾ ಅಲ್ಲ. ಅದೇ ವರ್ಷ ನಮ್ಮ ಏಳನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ತಂದೆ ತಾಯಿ ಇಬ್ಬರೂ ಎಲೆತೋಟದಲ್ಲಿ ಕೂಲಿ. ಕನ್ನಡ ಸಿನಿಮಾದ ಹಾಡುಗಳನ್ನು ಟಿವಿಯಲ್ಲಿ ಕೇಳಿ ಹಾಗೆ ಹಾಗೇ ಎತ್ತಿ ಹಾಡುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ತಾಟು ತೊಳೆಯುವಾಗ ಅವಳ ಸುತ್ತ ಹತ್ತು ಮಕ್ಕಳು. ಈ ಸಿನಿಮಾ ನೋಡಿದ ಮೇಲೆ ಅವಳಿಗೆ ನಾಟ್ಯಗೀತದ ಹುಚ್ಚು ಹತ್ತಿತು. ಮಿರಜಿನಲ್ಲಿ ಶಾಲಾ ಮಕ್ಕಳಿಗೆ ನಾಟ್ಯಗೀತ ಸ್ಪರ್ಧೆ ಇದೆ ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದು, “ಸರ, ನಾ ಹಾಡ್ಲಿ?” ಎಂದಳು.

ನಮ್ಮ ಸಿಬ್ಬಂದಿ ಕೋಣೆಯಲ್ಲಿ ಚಹಾದ ಅಂಗಡಿಗಿಂತ ದೊಡ್ಡ ಚರ್ಚೆ ಆಯಿತು. ಒಬ್ಬ ಸಹೋದ್ಯೋಗಿಗಳು ನೇರವಾಗಿ ಕೇಳಿದರು: “ಪಟಸಂಖ್ಯೆ ಕಡಿಮಿ ಆಗಿ ಕನ್ನಡ ಶಾಳೆ ಉಳೀತಾವೋ ಇಲ್ಲೋ ಅನ್ನೂ ಹೊತ್ತಿನ್ಯಾಗ, ಛಲೋ ಹಾಡೂ ಹುಡುಗೀನ್ನ ನಾವಾ ಮರಾಠಿ ಸ್ಪರ್ಧಾಕ್ಕ ಕಳಿಸಿದ್ರ, ನಾಳಿ ಪಾಲಕರು ಏನಂತಾರ? ಹಂಗಾದ್ರ ಮರಾಠಿ ಶಾಳೇಕ್ಕಾ ಹಾಕ್ತೀವಿ ಅನ್ನೂದಿಲ್ಲೇನ್ರಿ?” ಇದನ್ನು ನಕ್ಕು ಬಿಡುವ ಹಾಗಿರಲಿಲ್ಲ. ಪ್ರತಿ ಜೂನ್ ತಿಂಗಳು ಮನೆ ಮನೆ ತಿರುಗಿ ಒಂದನೆಯ ತರಗತಿಗೆ ಮಕ್ಕಳನ್ನು ಕೇಳಿಕೊಂಡು ಬರುವವರಿಗೆ ಆ ಭಯದ ತೂಕ ಗೊತ್ತು. ನಾನು ಹೇಳಿದ್ದು ಇಷ್ಟು: ನಮ್ಮ ಮಕ್ಕಳು ‘ಸುಲಭಭಾರತಿ’ ಹಿಡಿದು ಮರಾಠಿ ಓದುವುದು ಇದ್ದೇ ಇದೆ, ಬಜಾರದಲ್ಲಿ ಮಾತನಾಡುವುದೂ ಇದ್ದೇ ಇದೆ. ಕನ್ನಡ ಶಾಲೆಯ ಹುಡುಗಿ ಹೋಗಿ ಅವರ ಕಠಿಣ ಹಾಡನ್ನು ಅವರೆದುರು ಸರಿಯಾಗಿ ಹಾಡಿ ಬಂದರೆ ಕನ್ನಡ ಶಾಲೆಯಲ್ಲಿ ಕಲಿಸುತ್ತಾರೆ ಎಂದೇ ಹೇಳುತ್ತಾರೆ. ಅವರು ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ.

ಕಲಿಸುವವರು ಯಾರು? ಟಿ.ಸಿ.ಎಚ್. ಓದುವಾಗ ನಾನು ಹಾರ್ಮೋನಿಯಂ ಮುಟ್ಟಿದ್ದು ಎರಡೇ ಸಲ, ಅದೂ ಇನ್ನೊಂದು ಕೋಣೆಗೆ ಎತ್ತಿಡಲು. ಅಜ್ಜನ ಪಡಸಾಲೆಗೆ ಕರೆದುಕೊಂಡು ಹೋದೆ. ಹುಡುಗಿ ಸಿನಿಮಾದ ಹಾಡನ್ನೇ ಒಪ್ಪಿಸಿದಳು. ಶಂಕರ ಮಹಾದೇವನ್ ಎಲ್ಲಿ ಕಂಠ ಕುಣಿಸಿದ್ದರೋ ಅಲ್ಲಲ್ಲೇ ಕುಣಿಸಿದಳು. ಅಜ್ಜ ಪೇಟಿ ಮುಚ್ಚಿ, “ಧ್ವನಿ ಛಲೋ ಐತಿ ತಂಗಿ. ಆದ್ರ ಅವರ ಉಸರ ನೀ ಯಾಕ ತಗೋತಿ? ನಿಂದು ನಿನಗ ಐತಲ್ಲ” ಎಂದರು. ಆಮೇಲೆ ಗೆದ್ದಲು ಹಿಡಿದ ಒಂದು ಹಳೆಯ ನಾಟ್ಯಪದಗಳ ಪುಸ್ತಕ ತೆಗೆದು, ನಾಲ್ಕು ಸಾಲಿನ ಒಂದು ಸಣ್ಣ ಪದ ಆರಿಸಿದರು.

ಮೊದಲ ಮೂರು ದಿನ ಹಾಡೇ ಇಲ್ಲ! ಆ ನಾಲ್ಕು ಸಾಲನ್ನು ಗದ್ಯ ಓದಿದಂತೆ ಓದಿಸಿದರು. ಹಳೆಯ ಸಂಸ್ಕೃತಭೂಯಿಷ್ಠ ಮರಾಠಿ. ಅದರಲ್ಲಿ ಅರ್ಧ ಶಬ್ದ ಮರಾಠಿ ಶಾಲೆಯ ಮಕ್ಕಳಿಗೂ ತಿಳಿಯುವಂಥದ್ದಲ್ಲ. ಅರ್ಥ ತಿಳಿಯದೆ ಹಾಡಿದರೆ ಶಬ್ದದ ಹೊಟ್ಟೆಯಲ್ಲಿ ಉಸಿರು ಬೀಳುತ್ತದೆ, ಒಂದು ಶಬ್ದ ಎರಡು ತುಂಡಾಗಿ ಬೇರೆಯೇ ಅರ್ಥ ಬರುತ್ತದೆ. ಯಾರು ಹೇಳುತ್ತಾಳೆ, ಯಾರಿಗೆ ಹೇಳುತ್ತಾಳೆ, ಹೇಳುವಾಗ ನಿಂತಿದ್ದಾಳೋ ಕೂತಿದ್ದಾಳೋ ಎಂದು ಅಜ್ಜ ಕೇಳಿದ್ದೇ ಕೇಳಿದ್ದು. ಅವಳು ಕನ್ನಡದಲ್ಲಿ ಉತ್ತರ ಹೇಳುವುದು, ಆಮೇಲೆ ಮರಾಠಿಯಲ್ಲಿ ಸಾಲು ಹೇಳುವುದು. ಒಂದು ವಾಕ್ಯ ಎಲ್ಲಿ ಮುರಿಯಬೇಕು ಎಂದು ವ್ಯಾಕರಣದ ಪಾಠದಲ್ಲಿ ನಾನು ಎಷ್ಟು ಸಲ ಹೇಳಿದ್ದೆನೋ, ಅಲ್ಲಿ ಕೂತು ಕೇಳುವಾಗ ಅದು ಎಷ್ಟು ಬಾಯಿಯ ಕೆಲಸ, ಎಷ್ಟು ಎದೆಯ ಕೆಲಸ ಎಂದು ಕಣ್ಣಿಗೆ ಕಂಡಿತು. ನಾಲ್ಕನೆಯ ದಿನ ಪೇಟಿ ತೆರೆಯಿತು. ಕಾಕಾ ಕೂಡ ಒಂದು ಸಂಜೆ ಬಂದು ಕಟ್ಟೆಯ ತುದಿಗೆ ಕೂತರು. ಮಾತು ಬಿಟ್ಟದ್ದು ಯಾವಾಗ ಮುಗಿದಿತ್ತೋ ಗೊತ್ತಿಲ್ಲ, ‘ಚ’ ಮತ್ತು ‘ಜ’ ಎರಡು ಬಗೆಯಲ್ಲಿ ಉಚ್ಚರಿಸುವ ಮರಾಠಿಯ ರೀತಿಯನ್ನು ಹುಡುಗಿಗೆ ತಿದ್ದಿ ತಿದ್ದಿ ಹೇಳಿಕೊಟ್ಟವರು ಅವರೇ.

ಸ್ಪರ್ಧೆಯ ದಿನ ಮೇಜಿನ ಹಿಂದೆ ಹೆಸರು ಬರೆದುಕೊಳ್ಳುತ್ತಿದ್ದವರು ಶಾಲೆಯ ಹೆಸರು ನೋಡಿ, “ಕಾನಡೀ ಶಾಳಾ? ಮಗ ಕಾನಡೀ ಗಾಣ ಮ್ಹಣಾ ಕೀ” ಎಂದರು. ಕನ್ನಡ ಶಾಲೆಯವರು ಕನ್ನಡ ಹಾಡಿ ಅಂತ. ಕೆಟ್ಟ ಮನಸ್ಸಿನಿಂದ ಅಂದರೋ ತಮಾಷೆಗೋ, ಹುಡುಗಿಯ ಮುಖ ಸಣ್ಣದಾಯಿತು. ನಾನು ಏನೋ ಹೇಳಲು ಹೋಗುವಷ್ಟರಲ್ಲಿ ಅವಳೇ ಮರಾಠಿಯಲ್ಲಿ, “ಎರಡೂ ಬರುತ್ತವೆ, ಇವತ್ತಿನ ಸ್ಪರ್ಧೆ ನಾಟ್ಯಗೀತದ್ದಲ್ಲವೇ” ಎಂದಳು. ಹೆಸರು ಬರೆದುಕೊಂಡರು.

ಅಲ್ಲಿ ಪೇಟಿಯವರು ಪಟ್ಟಿಯನ್ನು ನಮ್ಮ ಅಭ್ಯಾಸಕ್ಕಿಂತ ಒಂದು ಮನೆ ಮೇಲೆ ಹಿಡಿದರು. ಎರಡನೆಯ ಸಾಲಿನಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ಧ್ವನಿ ಒಡೆಯಿತು. ಸಭೆಯಲ್ಲಿ ಯಾರೋ ನಕ್ಕರು. ಅವಳು ಗಾಬರಿಯಾಗಿ ಮುಂದೆ ಓಡಲಿಲ್ಲ. ಶಬ್ದ ಮುಗಿಯುವವರೆಗೆ ಹಿಡಿದು, ಅಜ್ಜ ಹೇಳಿದ ಜಾಗಕ್ಕೆ ಬಂದು, ಅಲ್ಲಿ ಉಸಿರು ತೆಗೆದುಕೊಂಡು, ಅದೇ ಸಾಲನ್ನು ತಗ್ಗಿದ ಧ್ವನಿಯಲ್ಲಿ ಮತ್ತೊಮ್ಮೆ ಹೇಳಿದಳು. ಪದದ ಹೆಂಗಸಿಗೆ ನಿಜಕ್ಕೂ ಗಂಟಲು ಕಟ್ಟಿ ಬಂದ ಹಾಗೆ ಕೇಳಿಸಿತು. ನನ್ನ ಪಕ್ಕದಲ್ಲಿದ್ದ ಕಾಕಾ ತೊಡೆ ತಟ್ಟಿ ‘ವಾಹ್ವಾ’ ಎಂದರು, ಸ್ವಲ್ಪ ಜೋರಾಗಿಯೇ.

ಬಹುಮಾನ ಬರಲಿಲ್ಲ. ಉತ್ತೇಜನಾರ್ಥದ ಯಾದಿಯಲ್ಲೂ ಹೆಸರಿರಲಿಲ್ಲ. ಬಂದ ಮಕ್ಕಳಲ್ಲಿ ಐದಾರು ಜನ ವರ್ಷಗಟ್ಟಲೆ ಕ್ಲಾಸಿಗೆ ಹೋಗಿ ಕಲಿತವರು, ಅವರು ಗೆದ್ದದ್ದು ನ್ಯಾಯವೇ. ಸ್ಪರ್ಧೆಗೆ ಕಳಿಸಬಾರದು ಎಂದಿದ್ದ ನಮ್ಮ ಸಹೋದ್ಯೋಗಿಗಳು ಬಸ್‌ಸ್ಟ್ಯಾಂಡಿನಲ್ಲಿ ಭಡಂಗದ ಪೊಟ್ಟಣ ಹಿಡಿದು ನಿಂತಿದ್ದರು. ಸ್ವಂತ ಖರ್ಚಿನಲ್ಲಿ ಬೆನ್ನ ಹಿಂದೆಯೇ ಬಂದು ಕೊನೆಯ ಸಾಲಿನಲ್ಲಿ ಕೂತು ಕೇಳಿದ್ದರಂತೆ. ಶಬ್ದ ಹಿಂದಿನವರೆಗೆ ಸ್ಪಷ್ಟ ಬಂತು ಎಂದಷ್ಟೇ ಹೇಳಿದರು.

ಎಸ್‌ಟಿಯಲ್ಲಿ ಬರುವಾಗ ಹುಡುಗಿ ಆ ಹಳೆಯ ಪುಸ್ತಕ ತಿರುವುತ್ತಿದ್ದಳು. ಆ ಕಾಲದ ನಾಟಕದ ಪುಸ್ತಕಗಳಲ್ಲಿ ಪ್ರತಿ ಪದದ ತಲೆಯ ಮೇಲೆ ‘ಚಾಲ’ ಎಂದು ಹಾಕಿ, ಯಾವ ಹಾಡಿನ ಧಾಟಿಯಲ್ಲಿ ಹಾಡಬೇಕು ಎಂದು ಬರೆಯುವ ರೂಢಿ ಇತ್ತು. ಲಾವಣಿಯ ಚಾಲ, ಆರತಿಯ ಚಾಲ, ಹೀಗೆ. ಅವಳು ಹಾಡಿದ ಪದದ ಮೇಲೆ ದೇವನಾಗರಿಯಲ್ಲಿ ಎರಡೇ ಶಬ್ದ: ‘ಚಾಲ, ಕಾನಡೀ’. ಅಂದರೆ ಧಾಟಿ ಕನ್ನಡದ್ದು!

“ಸರ, ಅಂದ್ರ ಇದು ಮೊದಲ ನಮ್ಮ ಹಾಡಾ? ಯಾವ ಹಾಡ್ರಿ?”

ಅಜ್ಜನನ್ನು ಕೇಳಿದೆವು. ಅವರಿಗೆ ಗೊತ್ತಿರಲಿಲ್ಲ. ಅವರ ಗುರುಗಳ ಕಾಲಕ್ಕೇ ಕನ್ನಡದ ಮಾತು ಹೋಗಿ ಮರಾಠಿಯ ಮಾತು ನಿಂತಿತ್ತಂತೆ. ಅಥಣಿ ಕಡೆ, ಉಗಾರ ಕಡೆ ಭಜನಾ ಮಂಡಳಿಯವರನ್ನು ಕೇಳಿದೆ. ಒಬ್ಬ ಮುದುಕಿ ಧಾಟಿ ಕೇಳಿ ತಲೆದೂಗಿ, “ಕೇಳಿದಂಗ ಐತಿ ಯಪ್ಪಾ, ಮಾತ ನೆಪ್ಪ ಇಲ್ಲ” ಎಂದರು. ಅಜ್ಜ 2019ರಲ್ಲಿ ಹೋದರು. ಹುಡುಗಿ ನರ್ಸಿಂಗ್ ಓದಿ ಈಗ ಮಿರಜಿನ ಒಂದು ದವಾಖಾನೆಯಲ್ಲಿದ್ದಾಳೆ. ಫೋನ್ ಮಾಡಿದಾಗೆಲ್ಲ “ಸಿಕ್ಕತೇನ್ರಿ ಸರ?” ಎಂದು ಕೇಳುತ್ತಾಳೆ.

ಜತ್ತ, ಅಕ್ಕಲಕೋಟೆ, ಅಥಣಿ, ರಾಯಬಾಗ ಕಡೆಯ ಬಳಗದವರಲ್ಲಿ ಒಂದು ವಿನಂತಿ. ನಿಮ್ಮೂರಿನಲ್ಲಿ ಕಂಪನಿ ನಾಟಕಕ್ಕೆ ಪೇಟಿ ಬಾರಿಸಿದವರು, ಪದ ಹಾಡಿದವರು ಇನ್ನೂ ಯಾರಾದರೂ ಇದ್ದರೆ ತಿಳಿಸಿ. ಧಾಟಿ ನನ್ನ ಮೊಬೈಲಿನಲ್ಲಿದೆ. ಪಡಸಾಲೆಯಲ್ಲಿ ಹುಡುಗಿ ಹಾಡಿದ್ದು, ಹಿಂದೆ ಅಜ್ಜನ ಪೇಟಿ, ಎರಡನೆಯ ಸಾಲಿನ ನಡುವೆ ಪಕ್ಕದ ಮನೆಯ ಎಮ್ಮೆ ಒದರಿದ್ದೂ ಸೇರಿ ಒಟ್ಟು ನಾಲ್ಕು ನಿಮಿಷ. ಬಂದು ಕೇಳಿಸುತ್ತೇನೆ.